ಮಟ್ಟಸವಾದ ನೆಲ

ಮನೆ,
ಜೂನ್ 11, ಮಂಗಳವಾರ

ಪ್ರೀತಿಯ ಅಪ್ಪಾ,

ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಹಜಾರದ ಆ ತುದಿಯವರೆಗೆ ನಡೆದಿರೆಂದು ಸೋದರತ್ತೆ ಹೇಳಿದರು. ಸ್ನಾನ ಮಾಡಿಸಲು ಈಗಲೂ ನರ್ಸ್ ಬರುತ್ತಾಳೆ, ಬಾಗಿಲು ತೆರೆದೇ ಇರುತ್ತದೆ ಎಂಬುದನ್ನೂ ಹೇಳಿದರು. ಹೋದ ಸಲ ನಾನು ಸೋದರತ್ತೆಯ ಮನೆಗೆ ಬಂದಾಗ ನೀವು ನನ್ನನ್ನು ಕೇಳಿದ್ದು ಒಂದೇ: “ಚಿಲಕ ಹಾಕ್ಕೊಂಡು ಸ್ನಾನ ಮಾಡೋದು ಯಾವಾಗಮ್ಮ?” ಫೋನಿನಲ್ಲಿ ನಿಮಗೆ ಅರ್ಧಂಬರ್ಧ ಕೇಳಿಸುವುದರಿಂದ ಬರೆಯುತ್ತಿದ್ದೇನೆ. ನಾಳೆ ನಿಮ್ಮ ಅಳಿಯ ಆ ಕಡೆ ಬರುವಾಗ ಕೊಡುತ್ತಾರೆ.

ನೀವು ಜಾರಿಬಿದ್ದ ಬಚ್ಚಲನ್ನು ನಾನೇ ಹೊಸದು ಮಾಡುತ್ತೇನೆಂದು ಹಟ ಹಿಡಿದು ಇಂದಿಗೆ ಎಂಟು ವಾರ. ಎರಡು ವಾರ ಸಾಕು ಎಂದಿದ್ದೆ. ಗಾರೆಯವನು ನಾಲ್ಕೇ ದಿನ ಎಂದಾಗಲೂ ಬೇಡವೆಂದೆ. ಅಲ್ಲಾಡುವ ಆ ಟೈಲ್ ಬಗ್ಗೆ ನೀವು ಬೀಳುವ ಮೊದಲೇ ಎರಡು ಸಲ ಹೇಳಿದ್ದಿರಿ, ನಾನು ‘ನೋಡೋಣ’ ಎಂದು ಸುಮ್ಮನಾಗಿದ್ದೆ, ಅದಕ್ಕೇ ಬೇಡವೆಂದದ್ದು. ಟೈಲ್ಸ್ ಅಂಗಡಿಯವನು ನಕ್ಕ: “ಮೊದಲ ಸಲಾನಾ ಮೇಡಂ? ಹಾಗಾದ್ರೆ ಒಂದು ಹೊಸ ಕ್ಯಾಲೆಂಡರೂ ತಗೊಂಡ್ಬಿಡಿ.” ಹಳೆಯದನ್ನು ಕೀಳುವುದರಲ್ಲೇ ನನ್ನ ಮೂರು ವಾರದ ರಜೆಗಳು ಮುಗಿದವು. ಗೋಡೆಯೊಳಗಿನ ಪೈಪು ತುಕ್ಕು ಹಿಡಿದಿತ್ತು. ಪ್ಲಂಬರ್‌ಗಾಗಿ ಕಾದದ್ದು ಹತ್ತು ದಿನ. ಬಚ್ಚಲು ಕಿತ್ತಾಗಿನಿಂದ ಸ್ನಾನಕ್ಕೆ ಪಕ್ಕದ ಮನೆಗೇ ಹೋಗುತ್ತಿದ್ದೇವೆ. ಆ ಮನೆಯಾಕೆ ಬಾಗಿಲಲ್ಲೇ ನಿಂತು “ಮಂಚಾನೂ ತಂದ್ಬಿಡಿ, ಸಂಕೋಚ ಯಾಕೆ?” ಎನ್ನುತ್ತಿದ್ದಳು.

ಮೊನ್ನೆ ಕೊನೆಯ ಟೈಲ್ ಕೂಡಿಸಿದೆ. ನಿಮ್ಮ ಕೈಗೆ ಎಟುಕುವಲ್ಲಿ ಹಿಡಿಕೆ, ಕೂರಲು ಕಲ್ಲಿನ ಹಲಗೆ. ಒಂದು ಸಂದೂ ಸೊಟ್ಟಗಿಲ್ಲ. ಹದಿನಾರು ವರ್ಷ ಕಾರ್ಖಾನೆಯಲ್ಲಿ ಮೇಜು ಮಾಡಿದ ಕೈಯಲ್ಲವೇ ಎಂದು ಹೆಮ್ಮೆಯೂ ಆಯಿತು. ಭಾನುವಾರ ನಿಮ್ಮನ್ನು ಕರೆತರುವುದೆಂದು ಮಾತಾಯಿತು. ಇಂದು ಬೆಳಿಗ್ಗೆ ಒಂದು ಬಕೆಟ್ ನೀರು ಸುರಿದೆ. ಅದು ಎಲ್ಲಿಗೂ ಹರಿಯಲಿಲ್ಲ. ಮೇಜಿಗೆ ಮಾಡುವಂತೆಯೇ ಪ್ರತಿ ಸಾಲಿಗೂ ಮಟ್ಟಗೋಲು ಇಟ್ಟು, ಅದರ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೂ ನಾನು ಬಿಟ್ಟಿರಲಿಲ್ಲ. ನೀರು ಇಳಿದು ಹೋಗಲು ನೆಲಕ್ಕೆ ಕೊಡಬೇಕಾದ ವಾಟವನ್ನೇ ಕೊಟ್ಟಿರಲಿಲ್ಲ. ಅರ್ಧ ಗಂಟೆ ಕಳೆದರೂ ನೀರು, ನೀವು ಕಾಲಿಡುವ ಜಾಗದಲ್ಲೇ ನಿಂತಿತ್ತು.

ನಿಮ್ಮ ಅಳಿಯ ನೋಡಿ, “ರಬ್ಬರ್ ಮ್ಯಾಟ್ ಹಾಸಿದ್ರಾಯ್ತು ಬಿಡು, ಮಾವನಿಗೆ ಗೊತ್ತೂ ಆಗಲ್ಲ” ಎಂದರು. ಪಾಪ, ನನ್ನ ಮುಖ ನೋಡಲಾಗದೆ ಹೇಳಿದ್ದು. ಮ್ಯಾಟ್ ತಂದೂ ಕೊಟ್ಟರು. ಅದನ್ನು ಒದ್ದೆ ನೆಲಕ್ಕೆ ಹಾಸಿ, ಒಂದು ಕಾಲನ್ನು ನಿಮ್ಮ ಹಾಗೆ ಎಳೆಯುತ್ತಾ ಅದರ ಮೇಲೆ ನಡೆದು ನೋಡಿದೆ. ಎರಡನೆಯ ಹೆಜ್ಜೆಗೆ ಮ್ಯಾಟ್ ನನ್ನ ಜೊತೆಗೇ ಜರುಗಿತು.

ಸೋದರತ್ತೆಗೆ ನನ್ನ ನಮಸ್ಕಾರ ಹೇಳಿ. ಮಾತ್ರೆ ಊಟವಾದ ಮೇಲೆಯೇ, ಮರೆಯಬೇಡಿ.

ನಿಮ್ಮ
ದೊಡ್ಡ ಮಗಳು

ತಾ.ಕ.: ಭಾನುವಾರಕ್ಕೆಂದು ಬಟ್ಟೆ ಕಟ್ಟಿಕೊಳ್ಳಬೇಡಿ ಅಪ್ಪಾ. ನೆಲ ಒಡೆಯುತ್ತೇನೆ. ಎಷ್ಟು ದಿನವೆಂದು ಈ ಸಲ ನಾನು ಹೇಳುವುದಿಲ್ಲ, ಗಾರೆಯವನನ್ನೇ ಕರೆದು ಕೇಳುತ್ತೇನೆ. ಕೆಲಸ ಅವನದು, ನಾನು ಗಾರೆ ಕಲಸಿಕೊಡುತ್ತೇನೆ. ಅವನಿಗೆ ಇನ್ನೂ ಹೇಳಿಲ್ಲ. ಮೊದಲು ನಿಮಗೆ ಹೇಳಬೇಕಿತ್ತು.