ಮೇಡಂನ ಕೇಳೋದು ಹೇಗೆ

ಫೆಬ್ರವರಿ ೩, ಸಂಜೆ

ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಅದೇ ರಾಗ. ಗಾಜು ಬದಲಾಯಿಸುವುದು, ಕೇಳುವುದು — "ಮೊದಲನೆಯದು ಚೆನ್ನಾಗಿ ಕಾಣುತ್ತಾ, ಎರಡನೆಯದಾ?" ಮಧ್ಯಾಹ್ನ ಬಂದ ಮೇಷ್ಟ್ರು, "ನಿಮಗೆ ಯಾವುದು ಇಷ್ಟವೋ ಅದನ್ನೇ ಹಾಕಿ" ಅಂದರು. ಕಣ್ಣು ನಿಮ್ಮದಲ್ವೇ ಸ್ವಾಮಿ!

ಮನೆಗೆ ಬಂದರೆ ಮೇಡಂ ತಟ್ಟೆ ಮುಟ್ಟಿಲ್ಲ. ಹದಿನಾರು ವರ್ಷದ ಬೆಕ್ಕು. ಕೋಪ ಬಂದರೆ ಒಂದು ಹೊತ್ತು ಉಪವಾಸ ಮಾಮೂಲು. ಇದು ಕೋಪವಲ್ಲ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತದೆ. ತಮ್ಮ ಬಸ್ಸಿನ ಡ್ಯೂಟಿ ಮುಗಿಸಿ ಬಂದವನೇ, "ನಾಳೆನೇ ಡಾಕ್ಟರ್ ಹತ್ರ ಹೋಗೋಣ. ನೀನು ರಜೆ ಹಾಕು" ಅಂದ. ನಾನೇ ಯಾಕೆ ಹಾಕಬೇಕೋ, ದೇವರೇ ಬಲ್ಲ.

ಫೆಬ್ರವರಿ ೧೨

ಕ್ಯಾನ್ಸರ್. ಕರುಳಿನಲ್ಲಿ. ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಸ್ಯಾಂಪಲ್ ತೆಗೆದದ್ದೂ ಆಯಿತು. ಅನುಮಾನವಿಲ್ಲವಂತೆ.

ಎರಡು ದಾರಿ ಅಂದರು ಡಾಕ್ಟರಮ್ಮ. ಒಂದು — ವಾರವಾರ ಕ್ಲಿನಿಕ್ಕಿಗೆ ತಂದು ಇಂಜೆಕ್ಷನ್. ಒಗ್ಗಿದರೆ ಕೆಲವು ತಿಂಗಳು ಹೆಚ್ಚು ಸಿಗಬಹುದು. ಒಗ್ಗದಿದ್ದರೆ ವಾಂತಿ, ಸುಸ್ತು. ಇನ್ನೊಂದು — ಮನೆಯಲ್ಲೇ ದಿನಕ್ಕೊಂದು ಮಾತ್ರೆ. ಸಂಕಟ ಕಡಿಮೆ ಆಗುತ್ತದೆ, ಕಾಯಿಲೆ ಹೋಗುವುದಿಲ್ಲ, ಹೆಚ್ಚು ದಿನವೂ ಸಿಗುವುದಿಲ್ಲ. "ಸದ್ಯಕ್ಕೆ ಮಾತ್ರೆ ಶುರು ಮಾಡಿ. ಯೋಚನೆ ಮಾಡಿ ಹೇಳಿ."

ಮೊದಲನೆಯದಾ, ಎರಡನೆಯದಾ. ನನ್ನ ಪ್ರಶ್ನೆ ನನಗೇ ಬಂತಲ್ಲ! ಅಲ್ಲೇ ನಗು ಬಂತು. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

ಫೆಬ್ರವರಿ ೧೪, ರಜೆ

ಮೇಡಂ ಅವರನ್ನೇ ಕೇಳಿದರೆ? ಬೆಳಿಗ್ಗೆಯಿಂದ ತಲೆಯಲ್ಲಿ ಅದೇ ಕೊರೆತ. ಅಕ್ಷರ ಬಾರದ ಮಕ್ಕಳ ಕಣ್ಣನ್ನೂ ಪರೀಕ್ಷೆ ಮಾಡುತ್ತೇನೆ, ಇದೇನು ಮಹಾ? ಎರಡೆರಡು ಇಟ್ಟು ನೋಡುವುದು.

ಮೀನಿನ ತಟ್ಟೆ ಈ ಕಡೆ, ಕಿಟಕಿಯ ಬಿಸಿಲು ಆ ಕಡೆ. ಮೇಡಂ ಬಿಸಿಲಿಗೆ ಹೋದರು. ನನ್ನ ಮಡಿಲು, ತಮ್ಮನ ಮಡಿಲು... ಇಬ್ಬರಿಗೂ ಕೈಕೊಟ್ಟು ಇಸ್ತ್ರಿಯಾದ ಯೂನಿಫಾರಂ ಮೇಲೆ ಪವಡಿಸಿದರು. ತಮ್ಮ ಬೊಬ್ಬೆ ಹೊಡೆದ. ಕೊನೆಗೆ ಕ್ಲಿನಿಕ್ಕಿಗೆ ಅವರನ್ನು ಒಯ್ಯುವ ಬುಟ್ಟಿ ಹೊರಗಿಟ್ಟೆ. ಇಟ್ಟಿದ್ದೇ ತಡ, ಮಂಚದ ಕೆಳಗೆ ನಾಪತ್ತೆ. ಸಂಜೆವರೆಗೂ ದರ್ಶನವಿಲ್ಲ.

"ಇದೆಂಥಾ ಪರೀಕ್ಷೆನೇ ಅಕ್ಕ? ಹಲ್ಲಿನ ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ನೀನೇನು ಕುಣ್ಕೊಂಡು ಬಂದ್ಯಾ? ಆದ್ರೂ ಹಲ್ಲು ಉಳೀತಲ್ಲ?"

ಅವನ ಮಾತಿನಲ್ಲೂ ಹುರುಳಿದೆ. ಹಾಳಾದವನು.

ಫೆಬ್ರವರಿ ೨೦

ಮೇಡಂ ತಿನ್ನುತ್ತಿದ್ದಾರೆ! ತಟ್ಟೆ ಪೂರ್ತಿ ನೆಕ್ಕಿ, ನನ್ನ ತಟ್ಟೆಗೂ ಬಾಯಿ ಹಾಕಿದರು. ತಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. "ನೋಡಿದ್ಯಾ, ಗಟ್ಟಿ ಜೀವ! ಇಂಜೆಕ್ಷನ್ ಏನು, ಅದರಪ್ಪನ್ನೂ ತಡ್ಕೋತಾಳೆ." ನನಗೂ ಹೌದೆನ್ನಿಸಿತು. ಒಂದನೇ ತಾರೀಕಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆವು.

ಒಂದೇ ಅರ್ಥವಾಗದ್ದು — ನೀರು ಯಾಕೆ ಇಷ್ಟು ಕುಡಿಯುತ್ತಾರೆ? ಬಟ್ಟಲು ತುಂಬಿಸಿ ತುಂಬಿಸಿ ಸಾಕಾಯಿತು.

ಫೆಬ್ರವರಿ ೨೨

ಮಾತ್ರೆ ಖಾಲಿ. ಇಷ್ಟು ಬೇಗ ಹೇಗೆ?

"ಚೆಲ್ಲಿದ್ಯೇನೋ?"

"ನಾನ್ಯಾಕೆ ಚೆಲ್ಲಲಿ? ಡ್ಯೂಟಿಗೆ ಹೋಗೋ ಮುಂಚೆ ದಿನಾ ಕೊಡ್ತಿದೀನಲ್ಲ."

"ನೀನು ಕೊಡ್ತಿದೀಯಾ?! ನಾನು ಎದ್ದ ತಕ್ಷಣ ಕೊಡ್ತಿದೀನಿ ಕಣೋ!"

ಇಬ್ಬರೂ ಮೇಡಂ ಕಡೆ ತಿರುಗಿದೆವು. ಅವರು ಕೈ ನೆಕ್ಕಿಕೊಳ್ಳುತ್ತಿದ್ದರು. ದಿನಕ್ಕೆ ಎರಡು ಸಲ ಬೆಣ್ಣೆ ಸವರಿದ ಮಾತ್ರೆ ನುಂಗಿ ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕ ಮರೆಯುತ್ತಾಳೆ ಎಂದು ಅವನು, ತಮ್ಮ ಮರೆಯುತ್ತಾನೆ ಎಂದು ನಾನು. ಒಂದೇ ಸೂರಿನಡಿ ಇದ್ದೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಡಾಕ್ಟರಮ್ಮನಿಗೆ ಫೋನ್. ಬೈಯಲಿಲ್ಲ ಪುಣ್ಯಾತ್ಗಿತ್ತಿ. "ಗಾಬರಿ ಬೇಡ. ಆದ್ರೆ ದಿಢೀರಂತ ನಿಲ್ಲಿಸ್ಬೇಡಿ, ನಾನು ಹೇಳಿದ ಹಾಗೆ ಇಳಿಸ್ಕೊಂಡು ಬನ್ನಿ." ಹಾಗಾದರೆ ಹಸಿವು? "ಹಸಿವು, ಬಾಯಾರಿಕೆ ಎಲ್ಲಾ ಮಾತ್ರೇದು. ಕಾಯಿಲೆ ಇದ್ದಲ್ಲೇ ಇದೆ."

ತಮ್ಮ ಊಟ ಮಾಡದೆ ಹೋದ.

ಫೆಬ್ರವರಿ ೨೮, ಸಂಜೆ

ತಟ್ಟೆಯಲ್ಲಿ ಅರ್ಧ ಉಳಿಯುತ್ತಿದೆ. ತಮ್ಮನ ಮುಖ ಊದಿಕೊಂಡೇ ಇದೆ. ಕ್ಲಿನಿಕ್ಕಿನಿಂದ ಫೋನ್ — "ನಾಳೆ ಬರ್ತೀರಲ್ವಾ?" ಐದು ನಿಮಿಷ ಕೊಡಿ ಅಂದು ತಮ್ಮನ ಕಡೆ ತಿರುಗಿದೆ.

"ಇಂಜೆಕ್ಷನ್ ಅವಳಿಗೆ ಬೇಕಾ, ನಿಂಗೆ ಬೇಕಾ?"

"ನಂಗೇ ಬೇಕು. ಏನೀಗ?" ಅವನ ಕಣ್ಣು ತುಂಬಿಕೊಂಡಿತ್ತು. "ಬಾಗಿಲು ತೆಗೆದ್ರೆ ಅವಳು ಇರ್ಬೇಕು. ಅಷ್ಟೇ."

"ನಂಗೂ ಬೇಕು ಕಣೋ."

ಲೆಕ್ಕ ಹಾಕಿದೆ. ವಾರದಲ್ಲಿ ಒಂದು ದಿನ ಬುಟ್ಟಿ, ಒಂದು ದಿನ ಮಂಚದ ಕೆಳಗೆ, ಒಂದೋ ಎರಡೋ ದಿನ ವಾಂತಿ. ಅವಳ ಬಿಸಿಲಿಗೆ ಉಳಿಯುವುದೆಷ್ಟು? ಜೋರಾಗಿಯೇ ಕೇಳಿದೆನೇನೋ. ಅವನೇ ಮೂಗೊರೆಸಿಕೊಂಡು, "ಬೇಡ ಅನ್ನು. ನಾನು ಹೇಳಲ್ಲ, ನೀನೇ ಹೇಳು" ಅಂದ.

ಹೇಳಿದೆ. ಫೋನ್ ಇಟ್ಟೆ. ಸರಿಯೋ ತಪ್ಪೋ... ಕನ್ನಡಕವಾದರೆ, ಹೊಂದದಿದ್ದರೆ ವಾಪಸ್ ತನ್ನಿ ಅನ್ನಬಹುದು.

ಮಾರ್ಚ್ ೧೯, ಬೆಳಿಗ್ಗೆ

ಅಂಗಡಿಗೆ ಹೊತ್ತಾಯಿತು. ಆದರೂ ಇದನ್ನು ಬರೆಯಬೇಕು.

ಎರಡು ದಿನದಿಂದ ನೀರು, ಒಂದಿಷ್ಟು ಸಾರು, ಅಷ್ಟೇ. ಎತ್ತಿದರೆ ಒಣಗಿದ ಬಟ್ಟೆ ಎತ್ತಿದ ಹಾಗೆ. ಡಾಕ್ಟರಮ್ಮ ಸಂಜೆ ಮನೆಗೇ ಬರುತ್ತಾರೆ. ನೋವಿಲ್ಲದೆ ಮಲಗಿಸುವ ಕೊನೆಯ ಇಂಜೆಕ್ಷನ್ ಅದು, ನಮಗಿಬ್ಬರಿಗೂ ಗೊತ್ತು. ತಮ್ಮ ಇವತ್ತು ರಜೆ ಹಾಕಿದ್ದಾನೆ, ನಾನು ಹೇಳದೆಯೇ.

ಈಗ ಅವಳನ್ನು ಕಿಟಕಿಯಲ್ಲಿ ಕೂರಿಸಿಕೊಂಡಿದ್ದಾನೆ. ಇದ್ದಕ್ಕಿದ್ದ ಹಾಗೆ ಅವಳ ಕಿವಿ ನೆಟ್ಟಗಾಯಿತು. ಹಲ್ಲು ಕಟಕಟ ಆಡಿಸುತ್ತಿದ್ದಾಳೆ, ಹಕ್ಕಿ ಕಂಡಾಗ ಆಡಿಸುತ್ತಿದ್ದಳಲ್ಲ, ಹಾಗೆ. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ! ಏನು ಕಂಡಿತು ಇವಳಿಗೆ? ಇಲ್ಲಿಂದ ನೋಡಿದೆ — ಎದುರಿನ ಗೋಡೆ, ಪೈಪು, ಒಣಗಲು ಹಾಕಿದ ಬಟ್ಟೆ. ಹಕ್ಕಿಯಿಲ್ಲ, ಏನೂ ಇಲ್ಲ. ತಮ್ಮನೂ ಅವಳ ತಲೆಯ ಮಟ್ಟಕ್ಕೆ ಬಗ್ಗಿ ನೋಡುತ್ತಿದ್ದಾನೆ.

"ಅಕ್ಕಾ, ಬೇಗ ಬಾರೇ! ಇಲ್ಲಿಂದ ಕಾಣ್ಸುತ್ತೆ—"

ಏನದು, ತಡಿ, ಪೆನ್ನು ಇಟ್ಟು ನಾನೂ ಬಂದೆ—