ಹುಬ್ಬಿನ ಪಕ್ಕದ ಗುಳಿ

ಲಾಡ್ಜಿನ ಮೂರನೇ ಮಹಡಿ, ಹಿಂಬದಿಯ ಕೋಣೆ
ಹದಿನಾಲ್ಕನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲಿನ ನೋವು ಇಳಿಯಿತೇ, ಇಲ್ಲಾ ನಾನು ತಂದುಕೊಟ್ಟ ಎಣ್ಣೆಯ ಬಾಟಲಿ ಇನ್ನೂ ಮುಚ್ಚಳ ತೆಗೆಯದೆ ಕಪಾಟಿನಲ್ಲೇ ಕೂತಿದೆಯೇ? ಕಿವಿಯ ಮಿಷನ್ನು ಹಾಕಿಕೊಳ್ಳುತ್ತಿದ್ದೀಯ ತಾನೇ? ಫೋನು ಮಾಡಬಹುದಿತ್ತು. ಆದರೆ ನಿನಗೆ ಕೇಳಿಸುವಷ್ಟು ಕೂಗಿದರೆ ಬೀದಿಗೆಲ್ಲ ಕೇಳಿಸುತ್ತದೆ, ಮೆಲ್ಲಗೆ ಮಾತಾಡಿದರೆ ಅಕ್ಕ ನಿನ್ನ ಕೈಯಿಂದ ಫೋನು ಕಿತ್ತುಕೊಂಡು ತಾನೇ ಕೇಳುತ್ತಾಳೆ. ಅದಕ್ಕೇ ಈ ಕಾಗದ. ನಮ್ಮ ನಾಟಕದ ತಂಡದ ಮ್ಯಾನೇಜರು ಇವತ್ತು ಸಂಜೆ ಇಲ್ಲಿಂದ ಹೊರಡುತ್ತಾರೆ, ಊರು ಮುಟ್ಟಿದ ಕೂಡಲೇ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾರೆ. ಯಾವ ಕಾಗದ ಬಂದರೂ ಮೊದಲು ಕೊನೆಯ ಸಾಲು ಓದಿ, ಯಾರೂ ಸತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಮೊದಲಿನಿಂದ ಓದುವವಳು ನೀನು. ಈ ಸಲ ಆ ಶ್ರಮ ಬೇಡ, ಎಲ್ಲರೂ ಬದುಕಿದ್ದೇವೆ.

ತಂಡದವರೆಲ್ಲ ಬಂದರು, ಮಗಳು ಅಳಿಯ ಮಾತ್ರ ಯಾಕೆ ಬರಲಿಲ್ಲ ಎಂದು ನೀನು ಕೇಳಿರುತ್ತೀಯ. ಅವರಿಬ್ಬರೂ ನಾಲ್ಕು ದಿನ ಊರು ಸುತ್ತಿಕೊಂಡು ಬರುತ್ತಾರಂತೆ ಎಂದು ಯಾರೋ ಹೇಳಿರುತ್ತಾರೆ. ಹಾಗೆ ಹೇಳಿ ಎಂದು ಅವರಿಗೆ ಫೋನಿನಲ್ಲಿ ಪಾಠ ಮಾಡಿದವಳು ನಾನೇ. ನಾವು ಸುತ್ತಿದ್ದು ಈ ಕೋಣೆಯ ನಾಲ್ಕು ಗೋಡೆ ಮಾತ್ರ. ನಿನ್ನ ಅಳಿಯನಿಗೆ ಕಾಯಿಲೆ ಬಂತು, ಅಷ್ಟರಲ್ಲಿ ನಮ್ಮ ವೀಸಾದ ಗಡುವು ದಾಟಿಹೋಯಿತು. ಈಗ ನಾವು ಪರದೇಶದಲ್ಲಿ ಇರಬಾರದ ದಿನಗಳಲ್ಲಿ ಇದ್ದೇವೆ. ಹೆದರಿಕೆ ಎಂದರೆ ಏನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಕೊನೆಯ ಪ್ರದರ್ಶನದ ದಿನ ಇವರ ಮೈ ಬಿಸಿಯಿತ್ತು. ಮಾತ್ರೆ ನುಂಗಿ ರಾಜನ ಪಾತ್ರ ಮುಗಿಸಿದರು, ಚಪ್ಪಾಳೆಯೂ ಬಿತ್ತು. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುವಾಗ ದವಡೆಯ ಕೆಳಗೆ ನೀರು ತುಂಬಿದ ಸಣ್ಣ ಗುಳ್ಳೆಗಳು ಕಂಡವು. ನಾನು ಹಚ್ಚಿದ ಬಣ್ಣವೇ ಕೆಟ್ಟಿದೆ, ಇನ್ನು ಇಡೀ ತಂಡದ ಮುಖ ಹೀಗೇ ಆಗುತ್ತದೆ ಎಂದು ಡಬ್ಬಿಗಳನ್ನೆಲ್ಲ ತೆರೆದು ನೋಡಿದೆ. ಬೆಳಿಗ್ಗೆ ನೋಡಿದರೆ ಬೆನ್ನು, ಹೊಟ್ಟೆ, ನೆತ್ತಿ, ಎಲ್ಲ ಕಡೆ ಎದ್ದಿವೆ. ಬೆನ್ನಿಗೆ ಯಾರೂ ಬಣ್ಣ ಹಚ್ಚುವುದಿಲ್ಲವಲ್ಲ. ಸೀತಾಳೆ ಸಿಡುಬು. ನಲವತ್ತು ದಾಟಿದ ಗಂಡಸಿಗೆ ಮಕ್ಕಳ ಕಾಯಿಲೆ, ಅದೂ ಊರಿಗೆ ಹೊರಡುವ ದಿನ.

ಗಡುವು ಮುಗಿಯುವುದು ಅವತ್ತೇ, ವಿಮಾನ ಮಧ್ಯಾಹ್ನ. ಡಾಕ್ಟರ ಹತ್ತಿರ ಹೋಗೋಣ ಎಂದೆ. ಇವರು, "ಡಾಕ್ಟರು ನೋಡಿದ್ರೆ ಬರ್ಕೊಳ್ತಾರೆ, ಬರ್ಕೊಂಡ್ರೆ ವಿಮಾನ ಹತ್ತೋಕೆ ಬಿಡಲ್ಲ. ನೀನು ಮುಖ ಒಂದು ಸರಿ ಮಾಡ್ಕೊಡು ಸಾಕು" ಎಂದರು. ಬೇಡ ಎನ್ನಬೇಕಿತ್ತು. ಆದರೆ ನಿನ್ನ ಮಗಳಿಗೆ ತನ್ನ ಕೈಚಳಕದ ಮೇಲೆ ಎಷ್ಟು ಜಂಬವೆಂದು ನಿನಗೆ ಗೊತ್ತು. ಸುಟ್ಟ ಗಾಯ ಮುಚ್ಚಿದವಳು, ಅರವತ್ತರವರನ್ನು ಇಪ್ಪತ್ತು ಮಾಡಿದವಳು, ನಾಲ್ಕು ಗುಳ್ಳೆ ಮುಚ್ಚಲಾರೆನೇ ಎನ್ನಿಸಿತು. ಪೆಟ್ಟಿಗೆ ಬಿಚ್ಚಿ ಕೂತೆ. ಬಣ್ಣದ ವಾಸನೆ ಈಚೆಗೆ ನನಗೆ ಆಗುತ್ತಿಲ್ಲ, ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಅಂತೂ ಕನ್ನಡಿಯಲ್ಲಿ ಮದುಮಗ ಕಂಡ ಹಾಗೆ ಕಂಡರು. ಪಕ್ಕದ ಸೀಟಿನಲ್ಲಿ ಯಾರ ಮಗು ಕೂರುತ್ತದೋ, ಅದಕ್ಕೂ ಅಂಟಿದರೆ ಗತಿಯೇನು ಎಂದು ಆಗ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ರಂಗದ ಬಣ್ಣ ಹತ್ತು ಮಾರು ದೂರದಲ್ಲಿ ಕೂತು ನೋಡುವವರಿಗೆ. ವಿಮಾನ ನಿಲ್ದಾಣದಲ್ಲಿ ಮುಖ ನೋಡುವುದು ಒಂದು ಮೊಳ ದೂರದಿಂದ, ಹಗಲಿಗಿಂತ ಬಿಳಿಯಾದ ದೀಪದ ಕೆಳಗೆ. ತಂಡದವರೆಲ್ಲ ಮುಂದೆ ದಾಟಿಹೋದರು. ನಮ್ಮ ಸರದಿ ಬರುವ ಹೊತ್ತಿಗೆ ಜ್ವರಕ್ಕೆ ಇವರು ಬೆವೆತುಹೋಗಿದ್ದರು, ಮೂಗಿನ ಪಕ್ಕದಿಂದ ಒಂದು ಕಂದು ಗೆರೆ ಇಳಿಯಿತು. ಕೌಂಟರಿನ ಹುಡುಗಿ ಪಾಸ್‌ಪೋರ್ಟಿನ ಫೋಟೋ ನೋಡಿದಳು, ಮುಖ ನೋಡಿದಳು, ಮತ್ತೆ ಫೋಟೋ ನೋಡಿ ಒಂದು ಕಾಗದದ ಕರವಸ್ತ್ರ ಮುಂದೆ ಮಾಡಿದಳು. ಇವರು ಪರದೆಯ ಹಿಂದೆ ನಿಂತ ಅಭ್ಯಾಸದಲ್ಲಿ ಅದನ್ನು ತೆಗೆದುಕೊಂಡು ಕೆನ್ನೆ ಒರೆಸಿಯೇ ಬಿಟ್ಟರು. ಅರ್ಧ ಮದುಮಗ ಕಾಗದಕ್ಕೆ ಬಂದ.

ಒಂದು ಸಣ್ಣ ಕೋಣೆಗೆ ಕರೆದೊಯ್ದರು. ಸಮವಸ್ತ್ರದವರು ಇಬ್ಬರು. ಈ ಪಾಸ್‌ಪೋರ್ಟು ಯಾರದು, ವೇಷ ಯಾಕೆ, ಯಾರಿಂದ ತಪ್ಪಿಸಿಕೊಂಡು ಹೋಗುತ್ತಿದ್ದೀರಿ ಎಂದು ಕೇಳಿದರು. ನನಗೆ ಬರುವ ನಾಲ್ಕು ಮಾತಿನ ಇಂಗ್ಲಿಷೂ ಅವತ್ತು ನಾಲಿಗೆಗೇ ಬರಲಿಲ್ಲ. ಅವರ ಎದುರಿಗೇ ನಾನು ಇವರ ಮುಖ ಪೂರ್ತಿ ಒರೆಸಬೇಕಾಯಿತು. ಗುಳ್ಳೆಗಳು ಕಂಡದ್ದೇ ಇಬ್ಬರೂ ಗೋಡೆಯವರೆಗೆ ಹಿಂದೆ ಸರಿದರು. ನಾಟಕದಲ್ಲಿ ಇವರು ಕತ್ತಿ ಎತ್ತಿದಾಗ ಸೇನಾಪತಿ ಕೂಡ ಅಷ್ಟು ಹಿಂದೆ ಸರಿದದ್ದಿಲ್ಲ. ಕೊನೆಗೆ ಒಬ್ಬರು ದೂರದಿಂದಲೇ ಬಿಡಿಸಿ ಹೇಳಿದರು. ಗುಳ್ಳೆ ಒಣಗುವವರೆಗೆ ವಿಮಾನ ಇಲ್ಲ, ಈಗಲೇ ಆಸ್ಪತ್ರೆಗೆ ಹೋಗಿ, ಸರ್ಟಿಫಿಕೇಟು ತೆಗೆದುಕೊಂಡು ವೀಸಾ ಕಚೇರಿಗೆ ಹೋಗಿ.

ಹೋಗಬೇಕಿತ್ತು. ಅಲ್ಲಿಂದ ಹೊರಗೆ ಬಂದವರು ಆಸ್ಪತ್ರೆಗೂ ಹೋಗಲಿಲ್ಲ, ಕಚೇರಿಗೂ ಹೋಗಲಿಲ್ಲ, ಮತ್ತೆ ಈ ಲಾಡ್ಜಿಗೇ ಬಂದು ಬಾಗಿಲು ಹಾಕಿಕೊಂಡೆವು. ವೇಷದ ವಿಷಯ ಕಚೇರಿಗೂ ಮುಟ್ಟಿರುತ್ತದೆ, ಹೋದರೆ ಹಿಡಿದು ಕೂರಿಸುತ್ತಾರೆ ಎಂದು ಇವರು. ಜ್ವರ ಇಳಿಯಲಿ, ಕಲೆ ಒಣಗಲಿ, ಆಮೇಲೆ ನೋಡೋಣ ಎಂದು ನಾನು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಗಡುವು ನಮ್ಮ ಜೊತೆ ಮಲಗಿ ನಿದ್ದೆ ಮಾಡುತ್ತದೆ ಎಂದುಕೊಂಡಿದ್ದೆವೋ ಏನೋ.

ಆ ದಿನಗಳನ್ನು ಹೇಗೆ ಹೇಳಲಿ ಅಮ್ಮಾ. ಈ ಕೋಣೆಗೆ ಒಂದೇ ಕಿಟಕಿ, ಅದು ತೆರೆಯುವುದು ಎದುರು ಕಟ್ಟಡದ ನೀರಿನ ಕೊಳವೆಗಳ ಕಡೆಗೆ. ಹೊರಗಿನ ಓಣಿಯಲ್ಲಿ ಯಾರು ನಡೆದರೂ ನೆಲದ ಹಲಗೆ ಸದ್ದು ಮಾಡುತ್ತದೆ. ಸದ್ದು ನಮ್ಮ ಬಾಗಿಲ ಹತ್ತಿರ ಬಂದರೆ ಇವರು ತುರಿಸಿಕೊಳ್ಳುವುದನ್ನೂ ನಿಲ್ಲಿಸಿ ಉಸಿರು ಹಿಡಿಯುತ್ತಿದ್ದರು. ಒಂದು ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ನಾನು ಪಾಸ್‌ಪೋರ್ಟುಗಳನ್ನು ಎದೆಗೆ ಒತ್ತಿಕೊಂಡು ಬಚ್ಚಲಿನಲ್ಲಿ ನಿಂತೆ. ಯಾಕೆ ಬಚ್ಚಲು ಎಂದು ಕೇಳಬೇಡ, ಹೆದರಿದವರಿಗೆ ಬುದ್ಧಿ ಇರುವುದಿಲ್ಲ. ಬಂದವನು ಹಾಸಿಗೆಯ ಬಟ್ಟೆ ಒಗೆಯಲು ಒಯ್ಯುವವನು. ಇವರು ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು ಬೇಡ ಬೇಡ ಎಂದು ಕೈ ಆಡಿಸಿ ಕಳಿಸಿದರು. ಅವನು ಹೋದ ಮೇಲೆ ನಮಗೆ ನಗು ಬಂತು, ನಗುತ್ತಾ ನಗುತ್ತಾ ನಾನು ಅತ್ತುಬಿಟ್ಟೆ. ಕೆಳಗಿನ ಅಂಗಡಿಗೆ ಬ್ರೆಡ್ಡು ತರಲು ಹೋದಾಗ ಯಾರಾದರೂ ಸಮವಸ್ತ್ರದವರು ಕಂಡರೆ, ಅದು ಅಂಚೆಯವನೇ ಆಗಿದ್ದರೂ ನಾನು ಬೇರೆ ಬೀದಿಗೆ ತಿರುಗುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ನಾನು ಯಾರೂ ಏನೂ ಅನ್ನದೆಯೇ ದಿನವಿಡೀ ಹೆಗಲು ಮುಟ್ಟಿ ನೋಡಿಕೊಂಡೆ.

ಮ್ಯಾನೇಜರು ಪರದೆಗಳ ಪೆಟ್ಟಿಗೆಗಳನ್ನು ಹಡಗಿಗೆ ಹಾಕಿಸಲು ಬಂದರಿಗೆ ಹೋಗಿದ್ದರು. ಅವರ ವೀಸಾ ಬೇರೆ ಬಗೆಯದು, ನಾಳೆಯವರೆಗೆ ಇದೆ. ನಿನ್ನೆ ಬೆಳಿಗ್ಗೆ ತಿರುಗಿ ಬಂದು ನಮ್ಮನ್ನು ಇಲ್ಲಿ ಕಂಡು, "ಏನ್ರೀ, ನಿಮಗೇನು ತಲೆ ನೆಟ್ಟಗಿದೆಯಾ? ಕಾಯಿಲೆ ಬರೋದು ತಪ್ಪಲ್ಲ, ಬಚ್ಚಿಟ್ಕೊಳ್ಳೋದು ತಪ್ಪು" ಎಂದು ಸರಿಯಾಗಿ ಬೈದರು. ಬೈಯುವವರೊಬ್ಬರು ಸಿಕ್ಕಿದರಲ್ಲ ಎಂದು ನನಗೆ ಜೀವ ಬಂದ ಹಾಗಾಯಿತು. ಕಾಲು ಗಂಟೆಯೂ ಬಿಡದೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು.

ಡಾಕ್ಟರು ಹೆಂಗಸು, ಮೆತ್ತಗಿನ ಕೈಯವರು. ಅವರು ತಮ್ಮ ದೇಶದ ಮಾತಿನಲ್ಲಿ ಹೇಳಿದ್ದನ್ನೆಲ್ಲ ಮ್ಯಾನೇಜರು ನಮಗೆ ಬಿಡಿಸಿ ಹೇಳುತ್ತಿದ್ದರು. ಗುಳ್ಳೆಗಳೆಲ್ಲ ಹಕ್ಕಳೆ ಕಟ್ಟಿಕೊಂಡು ಒಣಗಿವೆ, ಇನ್ನು ಯಾರಿಗೂ ಅಂಟುವುದಿಲ್ಲ ಎಂದರು. ಶುರುವಾದ ದಿನವನ್ನೂ ಬರೆದುಕೊಡಿ ಎಂದು ಮ್ಯಾನೇಜರು ಬೇಡಿದರು. ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ, ಕಾಣದ್ದನ್ನು ಬರೆಯಲಾರೆ ಎಂದರು ಅವರು. ಅವತ್ತೇ ಬಂದಿದ್ದರೆ ಆ ದಿನವೂ ಕಾಗದದಲ್ಲಿ ಇರುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, ನಿಮಗೆ ಚಿಕ್ಕಂದಿನಲ್ಲಿ ಈ ಕಾಯಿಲೆ ಬಂದಿತ್ತೇ ಎಂದು ಕೇಳಿದರು. ಹೂಂ ಎಂದು ಹುಬ್ಬಿನ ಪಕ್ಕದ ಗುಳಿ ತೋರಿಸಿದೆ. ಇನ್ನೂ ಒಂದು ಪ್ರಶ್ನೆ ಕೇಳಿದರು. ಮ್ಯಾನೇಜರು ಗೋಡೆಯ ಕಡೆ ತಿರುಗಿಕೊಂಡು ಅದನ್ನು ನಮ್ಮ ಮಾತಿನಲ್ಲಿ ಹೇಳಿದರು, ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಅಲ್ಲಿಂದ ನೇರ ವೀಸಾ ಕಚೇರಿಗೆ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಕುರ್ಚಿಗಳು, ಚೀಟಿಯ ನಂಬರು ಕರೆಯುವ ಗಂಟೆ, ಯಾರೂ ಯಾರ ಮುಖವನ್ನೂ ನೋಡದ ಜನ. ಗಾಜಿನ ಹಿಂದಿನ ಅಧಿಕಾರಿ ಎಲ್ಲವನ್ನೂ ಓದಿ, ಪೆನ್ನು ಎತ್ತಿಕೊಂಡು, ಮತ್ತೆ ಕೆಳಗಿಟ್ಟರು. ಅವರು ಹೇಳಿದ್ದನ್ನು ಮ್ಯಾನೇಜರು ನಮಗೆ ಒಪ್ಪಿಸಿದರು: "ಕಾಯಿಲೆ ಬಿದ್ದು ಉಳಿದೋರು ಬರ್ತಾನೇ ಇರ್ತಾರಂತೆ. ಆಗಲೇ ಬಂದಿದ್ರೆ ನಾಲ್ಕು ದಿನ ಹೆಚ್ಚಿಗೆ ಕೊಟ್ಟು ಕಳಿಸ್ತಿದ್ರಂತೆ. ಬಣ್ಣ ಬಳ್ಕೊಂಡು ಹೊರಟು, ಆಮೇಲೆ ಬಚ್ಚಿಟ್ಕೊಂಡೋರು ನೀವೇ ಮೊದಲು, ಇದನ್ನ ಏನಂತ ಬರೀಲಿ ಅಂತ ಕೇಳ್ತಿದಾರೆ." ಇವರು ಎದ್ದು ನಿಂತು ಕೈ ಮುಗಿದರು. ರಾಜನ ಪಾತ್ರದವರು, ಯಾರಿಗೂ ತಲೆ ಬಾಗಿಸದವರು. ನನಗೆ ನೋಡಲಾಗಲಿಲ್ಲ.

ಪಾಸ್‌ಪೋರ್ಟುಗಳನ್ನು ಇಟ್ಟುಕೊಂಡು, ಶುಕ್ರವಾರ ಬನ್ನಿ, ಮೇಲಿನವರು ತೀರ್ಮಾನ ಮಾಡುತ್ತಾರೆ ಎಂದು ಚೀಟಿ ಕೊಟ್ಟರು. ದಂಡ ಕಟ್ಟಿಸಿಕೊಂಡು ಬಿಡಬಹುದು. ಇನ್ನು ಈ ದೇಶಕ್ಕೆ ಬರಕೂಡದು ಎಂದು ಮುದ್ರೆ ಒತ್ತಬಹುದು. ಅದಕ್ಕಿಂತ ಹೆಚ್ಚಿನದೂ ಆಗಬಹುದಂತೆ, ವಿಮಾನ ಸಿಗುವವರೆಗೆ ಕಚೇರಿಯ ಹಿಂದಿರುವ ಕಟ್ಟಡದಲ್ಲಿ ಇರಿಸಬಹುದು. ಹೊರಗೆ ಬರುವಾಗ ಆ ಕಟ್ಟಡ ನೋಡಿದೆ. ಸಾಧಾರಣ ಕಟ್ಟಡ, ಕುಂಡದಲ್ಲಿ ಗಿಡ ಕೂಡ ಇಟ್ಟಿದ್ದಾರೆ. ತೆರೆದಿದ್ದ ಒಂದು ಬಾಗಿಲಿಗೆ ಒಳಗಿನ ಕಡೆ ಹಿಡಿಯೇ ಇರಲಿಲ್ಲ. ಆಗಿನಿಂದ ಕಣ್ಣು ಮುಚ್ಚಿದರೆ ಆ ಬಾಗಿಲೇ ಕಾಣುತ್ತದೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆಯಂತೆ. ಇವರನ್ನು ಬಿಟ್ಟು ನಾನು ಎಲ್ಲಿ, ಹೇಗೆ ಇರಲಿ? ಮ್ಯಾನೇಜರು ಇನ್ನೆರಡು ದಿನ ಉಳಿಯುತ್ತೇನೆ ಎಂದರು. ಬೇಡ, ನಿಮ್ಮ ಗಡುವೂ ದಾಟಿದರೆ ನಮ್ಮನ್ನು ಬೈಯಲು ಯಾರೂ ಇರುವುದಿಲ್ಲ ಎಂದು ನಾನೇ ಹೊರಡಿಸುತ್ತಿದ್ದೇನೆ. ನಾಳಿದ್ದು ಆ ಗಾಜಿನ ಮುಂದೆ ನಾವಿಬ್ಬರೇ ನಿಲ್ಲಬೇಕು.

ಇದನ್ನು ಅಕ್ಕನಿಗೆ ಓದಿ ಹೇಳಬೇಡ. ಊರು ಸುತ್ತುತ್ತಿದ್ದಾರೆ ಎಂದೇ ಅವಳು ನಂಬಿರಲಿ, ಹೊಟ್ಟೆಕಿಚ್ಚಾದರೂ ಪಡಲಿ. ನಿನ್ನ ಅಳಿಯ ಈಗ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದಾರೆ, ಮೈಯೆಲ್ಲ ಕಪ್ಪು ಚುಕ್ಕೆ. ನಿನಗೆ ನಮಸ್ಕಾರ ಹೇಳು ಎಂದರು. ನನ್ನದೂ ನಮಸ್ಕಾರ. ಶುಕ್ರವಾರ ಬೆಳಿಗ್ಗೆ ನಮ್ಮನ್ನು ನೆನೆಸಿಕೊಂಡು ಒಂದು ದೀಪ ಹಚ್ಚು, ತಲೆಯ ಮೇಲೆ ನಿನ್ನ ಕೈ ಇದೆ ಎಂದುಕೊಂಡು ಮೆಟ್ಟಿಲು ಹತ್ತುತ್ತೇನೆ.

ನಿನ್ನ ಚಿಕ್ಕವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಮ್ಯಾನೇಜರು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಹೇಳುತ್ತೇನೆ. ಡಾಕ್ಟರು ಕೇಳಿದ ಎರಡನೇ ಪ್ರಶ್ನೆಯನ್ನು ಅವರು ಗೋಡೆ ನೋಡುತ್ತಾ, "ಏನಾದ್ರೂ ವಿಶೇಷ ಇದೆಯಾ ಅಂತ ಕೇಳ್ತಿದಾರಮ್ಮ" ಎಂದರು. ಪರಗಂಡಸಿನ ಮುಂದೆ, ಇವರಿಗೇ ಇನ್ನೂ ಹೇಳದ ವಿಷಯವನ್ನು ಹೇಗೆ ಹೇಳಲಿ? ಇಲ್ಲ ಎಂದೆ. ಇದೆ ಅಮ್ಮಾ. ಎರಡು ತಿಂಗಳು ದಾಟಿದೆ. ಹಿಂದೆ ಎರಡು ಸಲ ಎಲ್ಲರಿಗೂ ಹೇಳಿ, ಎರಡು ಸಲವೂ ಉಳಿಯದೆ ಎಲ್ಲರ ಮುಖ ನೋಡಬೇಕಾಯಿತು, ಅದಕ್ಕೇ ಈ ಸಲ ಬಾಯಿ ಬಿಟ್ಟಿರಲಿಲ್ಲ. ಬಸುರಿಯಾಗಿದ್ದು, ಮೊದಲು ಸೀತಾಳೆ ಬರದೆ ಇದ್ದವರಾದರೆ ಮಗುವಿಗೆ ಅಪಾಯ, ಬೇಗ ಒಂದು ಇಂಜೆಕ್ಷನ್ನು ಕೊಡಬೇಕು ಎಂದು ಡಾಕ್ಟರು ಹೇಳಿದ್ದನ್ನು ಮ್ಯಾನೇಜರು ಸುಮ್ಮನೆ ಮಾತಿಗೆಂದು ಹೇಳಿದರು, ನಾನೂ ಸುಮ್ಮನೆ ಕೇಳಿಸಿಕೊಂಡೆ. ನಾಳೆ ಬೆಳಿಗ್ಗೆ ಆ ಡಾಕ್ಟರ ಹತ್ತಿರ ನಾನೊಬ್ಬಳೇ ಹೋಗುತ್ತೇನೆ. ಹೊಟ್ಟೆ ಮುಟ್ಟಿ ತೋರಿಸಿದರೆ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಆದರೆ ಚಿಕ್ಕಂದಿನಲ್ಲಿ ಸೀತಾಳೆ ಬಂದಿತ್ತೇ ಎಂಬ ಅವರ ಮೊದಲನೇ ಪ್ರಶ್ನೆಗೆ ನಿಜವಾದ ಉತ್ತರ ನನ್ನ ಹತ್ತಿರ ಇಲ್ಲ. ನೀನು ಅಕ್ಕನನ್ನೂ ನನ್ನನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿ ಇಬ್ಬರಿಗೂ ಒಂದೇ ಔಷಧಿ ಬಳಿದಿದ್ದೆಯಂತೆ. ಕಾಯಿಲೆ ಬಂದದ್ದು ತನಗೊಬ್ಬಳಿಗೇ, ನಾನು ಹೊಸ್ತಿಲ ಮೇಲೆ ಬಿದ್ದು ಹುಬ್ಬು ಒಡೆದುಕೊಂಡವಳು ಎಂದು ಅಕ್ಕ ಯಾವಾಗಲೂ ಹೇಳುತ್ತಾಳೆ. ಮ್ಯಾನೇಜರಿಗೆ ಒಂದೇ ಪದ ಹೇಳು, ಅವರು ಕೂಡಲೇ ಈ ಲಾಡ್ಜಿಗೆ ಫೋನು ಮಾಡಿ ಹೇಳುತ್ತಾರೆ, ಅರ್ಥ ಕೇಳುವುದಿಲ್ಲ. ನನಗೆ ಧೈರ್ಯವಾಗಲಿ ಎಂದು ಇಲ್ಲದ್ದನ್ನು ಹೇಳಬೇಡ, ಬಣ್ಣ ಹಚ್ಚುವವಳು ಮನೆಗೆ ಒಬ್ಬಳು ಸಾಕು. ನೀನು ಮೊದಲು ಓದುವ ಜಾಗದಲ್ಲೇ ಕೇಳುತ್ತಿದ್ದೇನೆ: ನನ್ನ ಹುಬ್ಬಿನ ಪಕ್ಕದ ಗುಳಿ ಸೀತಾಳೆಯದೋ, ಹೊಸ್ತಿಲದ್ದೋ?