ಪಂಪ್‌ಹೌಸಿನ ಸದ್ದು

ಅಪ್ಪನಿಗೆ,

ಫೋನಿನಲ್ಲಿ ಹೇಳಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ಸುಮ್ಮನೆ "ಆಯ್ತು" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಕಿವಿ ಡಾಕ್ಟರ ಹತ್ತಿರ ಹೋಗಬೇಕು. ಅಮ್ಮನನ್ನೂ ಕರೆದುಕೊಂಡು ಹೋಗು. ಡಾಕ್ಟರು ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಎದ್ದು ಬರಬೇಡ.

ನೀನು ಆಯುಷ್ಯವೆಲ್ಲ ದುಡಿದ ನೀರು ಶುದ್ಧೀಕರಣ ಘಟಕದಲ್ಲಿ ಆ ದೈತ್ಯ ಪಂಪುಗಳನ್ನು ಕಳಚಿಸಿಬಿಟ್ಟೆವು. ನಾವು ಹಾಕಿಸಿದ ಹೊಸ ಪೊರೆಗಳಲ್ಲಿ ನೀರು ಸೋಸಲು ಹಿಂದಿನಷ್ಟು ಒತ್ತಡ ಬೇಕಿಲ್ಲ, ಊರಿಗೆಲ್ಲ ಸಾಕಾಗುವ ನೀರಿಗೆ ಚಿಕ್ಕ ಪಂಪುಗಳೇ ಸಾಕು. ಕರೆಂಟು ಅರ್ಧಕ್ಕರ್ಧ ಉಳಿಯಿತೆಂದು ಮೇಲಿನವರು ನನ್ನ ಬೆನ್ನು ತಟ್ಟಿದರು. ಸದ್ದಿನ ಮಾತನ್ನು ಯಾರೂ ಎತ್ತಲಿಲ್ಲ. ಈಗ ಅಲ್ಲಿ ಕೆಲಸದವರು ಪಂಪಿನ ಪಕ್ಕದಲ್ಲೇ ಕೂತು ಪಿಸುದನಿಯಲ್ಲಿ ಹರಟುತ್ತಾರೆ. ನೀನು ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು ಅಮ್ಮ ನಗುತ್ತಿದ್ದಳಲ್ಲ, ಅದು ನೆನಪಾಗುತ್ತದೆ.

ಈ ಪೊರೆಗಳು ನಿನ್ನ ಕಾಲದಲ್ಲೇ ಬರಬೇಕಿತ್ತು ಅಪ್ಪ.

ನಿನ್ನೆ ಎಲ್ಲ ಪಂಪುಗಳೂ ಓಡುತ್ತಿರುವಾಗ, ನೀನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಫೋನ್ ಮಾಡಿದೆ. ಇಲ್ಲಿ ಈಗ ಎಷ್ಟು ನಿಶ್ಶಬ್ದ ಎಂದು ಹೇಳುವುದಿತ್ತು. ನೀನು ಎಂದಿನಂತೆ ಕೂಗಿದೆ: "ಪಂಪಿನ ಪಕ್ಕ ನಿಂತ್ಕೊಂಡು ಯಾಕಮ್ಮ ಫೋನ್ ಮಾಡ್ತೀಯ? ಆಚೆ ಬಾ, ಆ ಸದ್ದಲ್ಲಿ ಏನೂ ಕೇಳಿಸ್ತಿಲ್ಲ!"

ನಾನು ಆಚೆ ಬಂದೆ. ಗೇಟಿನವರೆಗೂ ನಡೆದೆ.

"ಇನ್ನೂ ಸ್ವಲ್ಪ ದೂರ ಬಾರಮ್ಮ" ಅಂದೆ ನೀನು.

ಸೋಮವಾರ ತಪ್ಪಿಸಬೇಡ.

ನಿನ್ನ ಮಗಳು